ಕಿರಿಯ ಮಕ್ಕಳ ಜಂತುಬಾಧೆ

(ಗುಡ್ಡಾಪುರದ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ವರ್ಷಕ್ಕೊಮ್ಮೆ ಹೀಗೆ ಒಂದೆಡೆ ಕೂಡಿದಾಗ ವಿದ್ಯೆಯ ಹಿರಿಮೆ, ಶಿಸ್ತಿನ ಅಗತ್ಯ, ತಾಯ್ನುಡಿಯ ಅಭಿಮಾನ ಇವುಗಳನ್ನು ಕುರಿತು ನಾಲ್ಕು ಮಾತು ಆಡುವುದು ವಾಡಿಕೆ. ಇಂದು ನಾವು ಆ ವಾಡಿಕೆಯನ್ನು ಬದಿಗಿರಿಸಿ, ಸಭೆಯಲ್ಲಿ ಬಾಯಿಬಿಟ್ಟು ಹೇಳಲು ಎಲ್ಲರೂ ಹಿಂಜರಿಯುವ ವಿಷಯವೊಂದನ್ನು ಎತ್ತಿಕೊಂಡಿದ್ದೇವೆ. ಅದು ಚಿಕ್ಕ ಮಕ್ಕಳಿಗೆ ತಗಲುವ ಜಂತುಬಾಧೆ. ದಾರದ ಎಳೆಯಂತೆ ಸಣ್ಣಗೆ ಬಿಳುಪಾಗಿರುವ ಈ ಹುಳುವನ್ನು ದಾರಹುಳು ಎನ್ನುತ್ತಾರೆ. ಸೂಜಿಹುಳು ಎಂದೂ ಕರೆಯುತ್ತಾರೆ. ಕೇಳಿ ಕೆಲವರು ನಕ್ಕಾರು. ನಗಲಿ, ಆದರೆ ನಕ್ಕ ಮೇಲೆ ಕೇಳಲಿ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ಅದು ನಮ್ಮದೇ ತಪ್ಪಿನ ಕಥೆ. ನಾವು ಶಿಕ್ಷಕವೃತ್ತಿಗೆ ಬಂದ ಮೊದಲ ವರ್ಷಗಳಲ್ಲಿ, ಬೇರೊಂದು ಊರಿನ ಶಾಲೆಯಲ್ಲಿ, ಎರಡನೆಯ ಇಯತ್ತೆಯ ಹುಡುಗನೊಬ್ಬನು ಒಂದು ಕ್ಷಣವೂ ನೆಟ್ಟಗೆ ಕುಳಿತುಕೊಳ್ಳುತ್ತಿರಲಿಲ್ಲ. ಅತ್ತ ಸರಿಯುವುದು, ಇತ್ತ ಹೊರಳುವುದು, ಲೆಕ್ಕ ಹೇಳಿಕೊಡುವಾಗ ತೂಕಡಿಸುವುದು. ನಾವು ಹೊಸದಾಗಿ ಬಿ.ಟಿ. ಮುಗಿಸಿ, ಮಕ್ಕಳ ಮನಃಶಾಸ್ತ್ರವನ್ನು ಬಾಯಿಪಾಠ ಮಾಡಿ ಬಂದವರು. ಅದು ಲಕ್ಷ್ಯವಿಲ್ಲದ ಮಗುವಿನ ಲಕ್ಷಣವೆಂದು ನಿರ್ಣಯಿಸಿ, ಅವನನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿದೆವು. ನಿಂತಲ್ಲಿಯೂ ಅವನು ಕೈಯನ್ನು ಹಿಂದಕ್ಕೆ ಒಯ್ದು ತುರಿಸಿಕೊಂಡನು. ಮಕ್ಕಳು ಕೊಳ್ಳೆಂದು ನಕ್ಕವು; ನಾವು ತಡೆಯಲಿಲ್ಲ. ಮರುದಿನದಿಂದ ಹುಡುಗನು ಶಾಲೆಗೆ ಬರಲಿಲ್ಲ.

ಐದಾರು ದಿನಗಳಾದ ಮೇಲೆ ಅವನ ತಾಯಿ ಬಂದು ಬಾಗಿಲ ಹೊರಗೇ ನಿಂತು, ಸೆರಗನ್ನು ಬಾಯಿಗೆ ಹಿಡಿದು, “ಗುರುಗಳ, ರಾತ್ರಿ ಆ ಕೂಸು ಮಲಗೂದೇ ಇಲ್ಲರಿ. ಜಂತಿನ ಕಾಟ ಐತ್ರಿ. ಹೇಳಾಕ ನಾಚಿಕಿ ಆಗಿ ಸುಮ್ನಿದ್ದೆ. ಅವಂದೇನೂ ತಪ್ಪಿಲ್ಲರಿ” ಎಂದಳು. ಆ ಮಾತು ನಮ್ಮನ್ನು ಚುಚ್ಚಿತು. ರಾತ್ರಿಯೆಲ್ಲ ನಿದ್ದೆಗೆಟ್ಟ ಆರೇಳು ವರ್ಷದ ಕೂಸನ್ನು, ನಿದ್ದೆಗೆಟ್ಟಿದೆಯೆಂಬ ಕಾರಣಕ್ಕಾಗಿಯೇ ನಾವು ಶಿಕ್ಷಿಸಿದ್ದೆವು. ತಾಯಿ ನಾಚಿಕೆಯಿಂದ ಹೇಳಲಿಲ್ಲ, ಮಗು ಹೆದರಿಕೆಯಿಂದ ಹೇಳಲಿಲ್ಲ, ನಾವು ಅಹಂಕಾರದಿಂದ ಕೇಳಲಿಲ್ಲ. ಈ ಮೂರು ಮೌನಗಳ ನಡುವೆ ಹುಳು ಮಾತ್ರ ಸುಖವಾಗಿತ್ತು.

ಅಂದಿನಿಂದ ಈ ಹುಳುವಿನ ವಿಷಯವನ್ನು ವೈದ್ಯರಿಂದ ಕೇಳಿ, ಪುಸ್ತಕಗಳಲ್ಲಿ ಓದಿ ತಿಳಿದುಕೊಂಡುದನ್ನು ತಮ್ಮ ಮುಂದೆ ಇಡುತ್ತೇವೆ.

ಇದು ಹೊಸ ರೋಗವಲ್ಲ. ಅಮೆರಿಕದ ಯೂಟಾ ಪ್ರಾಂತದ ಗವಿಯೊಂದರಲ್ಲಿ ದೊರೆತ, ಸುಮಾರು 10,000 ವರ್ಷಗಳ ಹಿಂದಿನ ಮಾನವ ಮಲದ ಒಣಗಿದ ಅವಶೇಷಗಳಲ್ಲಿಯೂ ಇದರ ತತ್ತಿಗಳು ಕಂಡುಬಂದಿವೆ. ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತನು 1758ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರನ್ನಿಟ್ಟನು. ನಮ್ಮ ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಮಲದಲ್ಲಿ ಹುಟ್ಟುವ ಕ್ರಿಮಿಗಳ ವರ್ಣನೆಯಿದ್ದು, ಗುದದ್ವಾರದಲ್ಲಿ ಅವು ಉಂಟುಮಾಡುವ ತುರಿಕೆಯನ್ನೂ ಅಲ್ಲಿ ಹೇಳಿದೆ. ಶ್ರೀಮಂತ ದೇಶಗಳ ಮಕ್ಕಳಿಗೂ, ತಣ್ಣನೆಯ ದೇಶಗಳ ಮಕ್ಕಳಿಗೂ ಇದು ತಪ್ಪಿದ್ದಲ್ಲ. ಆದುದರಿಂದ ನಮ್ಮ ಮನೆಯ ಮಗುವಿಗೆ ಇದು ಬಂತೆಂದು ತಲೆತಗ್ಗಿಸಬೇಕಾದ ಕಾರಣವಿಲ್ಲ.

ಹೆಣ್ಣು ಹುಳುವಿನ ಉದ್ದ ಸುಮಾರು ಒಂದು ಸೆಂಟಿಮೀಟರು. ಗಂಡು ಅದಕ್ಕಿಂತಲೂ ಬಹಳ ಚಿಕ್ಕದು. ಇವು ದೊಡ್ಡ ಕರುಳಿನ ಆರಂಭದ ಭಾಗದಲ್ಲಿ ವಾಸಿಸುತ್ತವೆ. ಹೊಟ್ಟೆಯೊಳಗಿರುವ ತನಕ ಮಗುವಿಗೆ ಹೆಚ್ಚಿನ ತೊಂದರೆಯಿಲ್ಲ. ಮಗು ಮಲಗಿ ನಿದ್ರಿಸಿದ ಮೇಲೆ ಹೆಣ್ಣು ಹುಳು ಕೆಳಗಿಳಿದು ಹೊರಬಂದು, ಗುದದ್ವಾರದ ಸುತ್ತಲಿನ ಚರ್ಮದ ಮೇಲೆ ಸುಮಾರು 10,000 ತತ್ತಿಗಳನ್ನಿಟ್ಟು ಸಾಯುತ್ತದೆ. ಆಗ ಕಡಿತ ಆರಂಭ. ಮಗು ನಿದ್ದೆಯಲ್ಲಿಯೇ ಕೆರೆದುಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತತ್ತಿಗಳು ಉಗುರಿನ ಸಂದಿಯಲ್ಲಿ ಸೇರುತ್ತವೆ. ಆರು ತಾಸು ಕಳೆಯುವಷ್ಟರಲ್ಲಿ ಅವು ಪಕ್ವವಾಗಿ ಮತ್ತೊಬ್ಬರ ಹೊಟ್ಟೆ ಸೇರಲು ಸಿದ್ಧವಾಗಿರುತ್ತವೆ. ಬೆಳಗ್ಗೆ ಎದ್ದ ಮಗು ಅದೇ ಬೆರಳನ್ನು ಬಾಯಿಗಿಟ್ಟುಕೊಂಡರೆ, ಹೊರಬಂದ ಶತ್ರು ಮತ್ತೆ ಮನೆಯೊಳಗೆ ಹೊಕ್ಕಂತಾಯಿತು. ಒಂದೂವರೆ ಎರಡು ತಿಂಗಳಲ್ಲಿ ಹೊಸ ಪೀಳಿಗೆ ಸಿದ್ಧ.

ಇನ್ನು ನಮ್ಮ ಮನೆಗಳನ್ನು ನೆನೆದುಕೊಳ್ಳಿರಿ. ಒಂದೇ ಕೌದಿಯೊಳಗೆ ಮೂರು ನಾಲ್ಕು ಮಕ್ಕಳು ಅಜ್ಜಿಯ ಮಗ್ಗುಲಲ್ಲಿ ಮಲಗುತ್ತವೆ. ಕಾರ್ತೀಕ ಅಮಾವಾಸ್ಯೆಗೆ ದಾನಮ್ಮದೇವಿಯ ಜಾತ್ರೆ ಬಂದರೆ ಮನೆತುಂಬ ಬೀಗರು ನೆಂಟರು. ಇದ್ದ ಹಾಸಿಗೆಯಲ್ಲಿಯೇ ಇನ್ನಷ್ಟು ಮಕ್ಕಳು. ಇದು ಪ್ರೀತಿಯ ಚಿತ್ರ. ಅದನ್ನು ನಾವು ದೂರುವುದಿಲ್ಲ. ಆದರೆ ಕೌದಿಗೆ ಅಂಟಿದ ತತ್ತಿಗಳು ತಂಪಾದ ನೆರಳಿನಲ್ಲಿ ಎರಡು ಮೂರು ವಾರ ಜೀವ ಹಿಡಿದಿರಬಲ್ಲವು. ಹಾಸಿಗೆಯನ್ನು ಒಳಗೇ ಝಾಡಿಸಿದರೆ ಅವು ಧೂಳಿನೊಡನೆ ಎದ್ದು ಬಾಯಿ ಮೂಗುಗಳನ್ನು ಸೇರಬಹುದು. ಶಾಲೆಯಲ್ಲಿಯಾದರೂ ಏನು? ಉಗುಳು ಹಚ್ಚಿ ಪಾಟಿ ಒರೆಸುವುದು, ಒಬ್ಬರು ಚೀಪಿದ ಪೆನ್ಸಿಲನ್ನು ಮತ್ತೊಬ್ಬರು ಬಾಯಿಗಿಟ್ಟುಕೊಳ್ಳುವುದು, ಒಂದು ಪೇರಲಹಣ್ಣನ್ನು ನಾಲ್ವರು ಕಚ್ಚಿ ಹಂಚಿಕೊಳ್ಳುವುದು. ಹೀಗೆ ಒಂದು ಮನೆಯ ಜಂತು ಊರಿನ ಜಂತಾಗುತ್ತದೆ.

ಇಲ್ಲಿ ಎರಡು ಮೂರು ತಪ್ಪು ತಿಳಿವಳಿಕೆಗಳನ್ನು ಕಳೆದುಕೊಳ್ಳಬೇಕು. ಬೆಲ್ಲ ತಿಂದರೆ ಜಂತು ಹುಟ್ಟುತ್ತದೆಂಬುದು ನಿಜವಲ್ಲ. ತತ್ತಿ ನುಂಗದೆ ಹುಳು ಹುಟ್ಟದು. ನಾಯಿ, ಬೆಕ್ಕು, ದನಗಳಿಂದ ದಾರಹುಳು ಬರುವುದಿಲ್ಲ. ಇದು ಮನುಷ್ಯನಿಂದ ಮನುಷ್ಯನಿಗೆ ಬರುವುದು. ನಿದ್ದೆಯಲ್ಲಿ ಹಲ್ಲು ಕಡಿಯುವ ಮಗುವಿಗೆಲ್ಲ ಜಂತು ಇದೆಯೆಂದೂ ಹೇಳಲಾಗದು. ಹಾಗಾದರೆ ತಿಳಿಯುವುದೆಂತು? ಮಗು ಮಲಗಿ ಎರಡು ಮೂರು ತಾಸಾದ ಮೇಲೆ ತಾಯಿಯು ಬ್ಯಾಟರಿ ಹಿಡಿದು ನೋಡಿದರೆ, ಗುದದ್ವಾರದ ಬಳಿ ಬಿಳಿಯ ಎಳೆಗಳು ಹರಿದಾಡುವುದು ಕಾಣಬಹುದು. ಕಾಣದಿದ್ದರೆ, ಬೆಳಗ್ಗೆ ಎದ್ದೊಡನೆ, ತೊಳೆಯುವ ಮೊದಲೇ, ಅಂಟುಪಟ್ಟಿಯನ್ನು ಆ ಚರ್ಮಕ್ಕೆ ಒತ್ತಿ ತೆಗೆದು ವೈದ್ಯರಿಗೆ ಒಪ್ಪಿಸಿದರೆ, ಸೂಕ್ಷ್ಮದರ್ಶಕದಲ್ಲಿ ತತ್ತಿಗಳು ಗೋಚರಿಸುತ್ತವೆ. ಹೆಣ್ಣುಮಕ್ಕಳಲ್ಲಿ ಹುಳು ಮುಂದಕ್ಕೆ ಸರಿದು ಉರಿಯನ್ನೂ ಕಡಿತವನ್ನೂ ಉಂಟುಮಾಡುವುದುಂಟು. ಅವರು ಹೇಳಿಕೊಳ್ಳಲು ಮತ್ತಷ್ಟು ನಾಚುವುದರಿಂದ ತಾಯಂದಿರು ಮೆಲ್ಲನೆ ಕೇಳಿ ತಿಳಿಯಬೇಕು.

ಪರಿಹಾರಕ್ಕೆ ಚರಕನು ಮೂರು ಮೆಟ್ಟಿಲುಗಳನ್ನು ಹೇಳಿರುವನು. ಕ್ರಿಮಿಯನ್ನು ಹೊರತೆಗೆಯುವುದು ಒಂದು. ಅದು ಬಾಳಲು ಅನುಕೂಲವಾದ ಸ್ಥಿತಿಯನ್ನು ಕೆಡಿಸುವುದು ಎರಡು. ಅದು ಬರುವ ಕಾರಣವನ್ನೇ ದೂರವಿಡುವುದು ಮೂರು. ಔಷಧಗಳು ಬದಲಾದರೂ ಈ ಕ್ರಮ ಇಂದಿಗೂ ಬದಲಾಗಿಲ್ಲ.

ಮೊದಲು ಔಷಧದ ಮಾತು. ಅಲ್ಬೆಂಡಾಜೋಲ್, ಮೆಬೆಂಡಾಜೋಲ್ ಎಂಬ ಗುಳಿಗೆಗಳು ಈ ಹುಳುವನ್ನು ಕೊಲ್ಲುತ್ತವೆ. ಆದರೆ ತತ್ತಿಗಳನ್ನು ನಂಬಿಕೆಯಿಂದ ಕೊಲ್ಲಲಾರವು. ಇಂದು ಗುಳಿಗೆ ನುಂಗಿದರೆ ಇಂದಿನ ಹುಳು ಸತ್ತೀತು. ಉಳಿದ ತತ್ತಿಯಿಂದ ನಾಳೆ ಹೊಸದು ಹುಟ್ಟೀತು. ಆದಕಾರಣ ಎರಡು ವಾರಗಳ ಬಳಿಕ ಇನ್ನೊಂದು ಬಾರಿ ಔಷಧ ಕೊಡಲೇಬೇಕು. ಅಲ್ಲದೆ, ಮನೆಯವರೆಲ್ಲರೂ ಒಂದೇ ದಿನ ತೆಗೆದುಕೊಳ್ಳಬೇಕು. ಕಡಿತವಿಲ್ಲದವರ ಹೊಟ್ಟೆಯಲ್ಲಿಯೂ ಹುಳು ಇರಬಹುದು. ಈ ಮಾತನ್ನು ನಾವು ಅನುಭವದಿಂದ ಹೇಳುತ್ತೇವೆ. ನಮ್ಮ ಮನೆಯಲ್ಲಿಯೇ ಕಿರಿಯ ಮಗುವಿಗೆ ಜಂತು ಕಂಡಾಗ ಅದೊಂದಕ್ಕೆ ಔಷಧ ಕೊಟ್ಟು, ಮುಖ್ಯಾಧ್ಯಾಪಕರಾದ ನಮಗೆ ಜಂತಿನ ಗುಳಿಗೆ ಏತಕ್ಕೆಂದು ಸುಮ್ಮನಿದ್ದೆವು. ಎರಡು ತಿಂಗಳೊಳಗೆ ಕಾಟ ಮರಳಿ ಬಂದಿತು. ಆಗ ಮನೆಮಂದಿಯೆಲ್ಲ ಸಾಲಾಗಿ ಕುಳಿತು ಗುಳಿಗೆ ನುಂಗಿದೆವು. ಎರಡು ವಾರ ಬಿಟ್ಟು ಮತ್ತೆ ನುಂಗಿದೆವು. ಹುಳು ನಮ್ಮ ಪದವಿಯನ್ನು ನೋಡುವುದಿಲ್ಲವೆಂಬ ಪಾಠವನ್ನು ಆಗ ಕಲಿತೆವು.

ಗರ್ಭಿಣಿಯರೂ ಮೊಲೆಯೂಡಿಸುವ ತಾಯಂದಿರೂ ವೈದ್ಯರನ್ನು ಕೇಳದೆ ಈ ಗುಳಿಗೆಯನ್ನು ಮುಟ್ಟಬಾರದು; ಎರಡು ವರ್ಷದೊಳಗಿನ ಕೂಸಿಗೂ ಕೇಳದೆ ಕೊಡಬಾರದು. ಚಿಕ್ಕ ಮಗುವಿಗೆ ಗುಳಿಗೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡಬೇಕು. ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಕ್ಕೀತು. ಕಡಿತಕ್ಕೆ ಘಾಸಲೇಟ ಎಣ್ಣೆ ಸವರುವುದು ಚರ್ಮವನ್ನು ಸುಡುವ ಕೆಲಸ. ಅದು ಬೇಡವೇ ಬೇಡ.

ಶಾಲೆಯಲ್ಲಿ ಗುಳಿಗೆ ಕೊಡುತ್ತಾರಲ್ಲ, ಅಷ್ಟು ಸಾಲದೆ ಎಂದು ಕೆಲವರು ಕೇಳುವರು. ಭಾರತ ಸರಕಾರವು 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ, 1ರಿಂದ 19 ವರ್ಷದ ಮಕ್ಕಳಿಗೆ ಶಾಲೆ ಅಂಗನವಾಡಿಗಳಲ್ಲಿ ಅಲ್ಬೆಂಡಾಜೋಲ್ ಕೊಡುವುದು ಅತ್ಯುಪಯುಕ್ತ ಕಾರ್ಯ. ಅದನ್ನು ಯಾರೂ ತಪ್ಪಿಸಬಾರದು. ಆದರೆ ಅದರ ಮುಖ್ಯ ಗುರಿ ಮಣ್ಣಿನ ಮೂಲಕ ಹರಡುವ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳು. ದಾರಹುಳುವಿಗೆ ಎರಡು ವಾರಗಳ ಬಳಿಕ ಎರಡನೆಯ ಗುಳಿಗೆಯೂ, ಮನೆಮಂದಿಯ ಗುಳಿಗೆಯೂ ಬೇಕು. ಅದನ್ನು ವೈದ್ಯರಲ್ಲಿ ಕೇಳಿ ಪಡೆಯುವ ಹೊಣೆ ಪಾಲಕರದು. ನಮ್ಮ ಜತ್ತ ತಾಲೂಕಿನಿಂದ ದೀಪಾವಳಿಯ ಸುಮಾರಿಗೆ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಹೊರಡುತ್ತವೆ. ಮೊದಲನೆಯ ಗುಳಿಗೆ ಊರಿನಲ್ಲಾದರೆ ಎರಡನೆಯದರ ಹೊತ್ತಿಗೆ ಮಗು ಯಾವುದೋ ಕಾರಖಾನೆಯ ಬಯಲಿನ ಕೊಪ್ಪಿಯಲ್ಲಿ ಇರುತ್ತದೆ. ಅಂತಹ ತಂದೆತಾಯಿಗಳು ಹೊರಡುವ ಮುಂಚೆಯೇ ಎರಡನೆಯ ಗುಳಿಗೆಯನ್ನು ವೈದ್ಯರಿಂದ ಪಡೆದು, ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋಗಬೇಕು. ಔಷಧದ ಮೇಲಿನ ಬರಹ ಓದಲು ಬಾರದಿದ್ದರೆ ನಮ್ಮಲ್ಲಿಗೆ ತನ್ನಿರಿ. ಕೊಡಬೇಕಾದ ದಿನವನ್ನು ಕನ್ನಡದಲ್ಲಿ ದಪ್ಪ ಅಕ್ಷರಗಳಿಂದ ಬರೆದುಕೊಡುತ್ತೇವೆ.

ಎರಡನೆಯದು, ಹುಳುವಿಗೆ ಬಾಳು ಕಷ್ಟವಾಗುವಂತೆ ಮಾಡುವುದು. ಗುಳಿಗೆ ನುಂಗಿದ ದಿನವೇ ಹಾಸಿಗೆ ಹೊದಿಕೆ, ಚಡ್ಡಿ ಲಂಗಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಗೆಯಲಾಗದ ಕೌದಿಗಳನ್ನು ಝಾಡಿಸದೆ ಮೆಲ್ಲನೆ ಮಡಿಚಿ ಹೊರಗೊಯ್ದು, ದಿನವಿಡೀ ಬಿಸಿಲಿಗೆ ಹರಡಬೇಕು. ನಮ್ಮ ಸೀಮೆಗೆ ಮಳೆ ಕಡಿಮೆ, ಬಿಸಿಲು ಹೆಚ್ಚೆಂದು ನಿತ್ಯ ಗೊಣಗುತ್ತೇವೆ. ಈ ಒಂದು ವಿಷಯದಲ್ಲಿ ಬಿಸಿಲೇ ನಮ್ಮ ಬಂಧು. ಒಣ ಬಿಸಿಲಿನಲ್ಲಿ ತತ್ತಿಗಳು ಬಹುಕಾಲ ಬದುಕಲಾರವು. ನೆಲವನ್ನು ಒಣಗಸ ಗುಡಿಸುವುದಕ್ಕಿಂತ ಒದ್ದೆ ಅರಿವೆಯಿಂದ ಒರೆಸುವುದು ಲೇಸು.

ಮೂರನೆಯದು, ಕಾರಣವನ್ನು ದೂರವಿಡುವುದು. ಬೆಳಗ್ಗೆ ಎದ್ದೊಡನೆ ಮಗುವಿನ ಕೆಳಭಾಗವನ್ನು ತೊಳೆದು, ರಾತ್ರಿಯ ಚಡ್ಡಿಯನ್ನು ಬದಲಾಯಿಸಬೇಕು. ರಾತ್ರಿ ಬಿಗಿಯಾದ ಒಳಚಡ್ಡಿ ಹಾಕಿ ಮಲಗಿಸಿದರೆ ಬೆರಳು ನೇರವಾಗಿ ಚರ್ಮಕ್ಕೆ ತಾಗುವುದಿಲ್ಲ. ಉಗುರನ್ನು ವಾರಕ್ಕೊಮ್ಮೆ ಕತ್ತರಿಸಬೇಕು. ಶೌಚದ ನಂತರವೂ ಊಟದ ಮುಂಚೆಯೂ ಸಾಬೂನು ಹಚ್ಚಿ ಕೈ ತೊಳೆಯಬೇಕು. ಟ್ಯಾಂಕರಿನ ದಾರಿ ಕಾಯುವ ಬೇಸಗೆಯಲ್ಲಿ ಇಷ್ಟು ನೀರು ಎಲ್ಲಿಂದ ತರೋಣವೆಂದು ತಾಯಂದಿರು ಕೇಳಿದರೆ ಅದು ಸುಳ್ಳು ಪ್ರಶ್ನೆಯಲ್ಲ. ಆದರೆ ಕೈ ತೊಳೆಯಲು ಕೊಡ ನೀರು ಬೇಡ. ಒಬ್ಬರು ತಂಬಿಗೆಯಿಂದ ಸಣ್ಣಗೆ ಧಾರೆ ಬಿಟ್ಟರೆ, ಇನ್ನೊಬ್ಬರು ಬೆರಳ ಸಂದಿ, ಉಗುರಿನ ಬುಡಗಳನ್ನು ತಿಕ್ಕಿ ತೊಳೆಯಬಹುದು. ಒಂದು ತಂಬಿಗೆಯಲ್ಲಿ ನಾಲ್ಕು ಮಕ್ಕಳ ಕೈ ಶುದ್ಧವಾಗುತ್ತವೆ. ಆ ನೀರು ಕರಿಬೇವಿನ ಗಿಡದ ಬುಡಕ್ಕೂ ಆದೀತು. ಎಲ್ಲರೂ ಒಂದೇ ಬೋಗುಣಿಯಲ್ಲಿ ಕೈ ಅದ್ದಿ ತೊಳೆದರೆ ಮಾತ್ರ ತತ್ತಿಯನ್ನು ಹಂಚಿಕೊಂಡಂತೆ.

ಮಕ್ಕಳೇ, ಇನ್ನು ನಿಮಗೆ ಎರಡು ಮಾತು. ನಿಮಗೆ ಕಡಿತವಾಗುತ್ತಿದ್ದರೆ ಅವ್ವನಿಗೆ ಹೇಳಿರಿ. ಅವ್ವ ಊರಲ್ಲಿರದಿದ್ದರೆ ಅಜ್ಜಿಗೆ ಹೇಳಿರಿ. ಅವರಿಗೂ ಹೇಳಲಾಗದಿದ್ದರೆ ನಿಮ್ಮ ಗುರುಗಳಿಗೆ, ಬಾಯಿಯವರಿಗೆ ಹೇಳಿರಿ. ಯಾರೂ ಬೈಯುವುದಿಲ್ಲ. ನಿಮ್ಮ ಗೆಳೆಯನಿಗೆ ಹಾಗಾಗಿದ್ದರೆ ನಗಬೇಡಿರಿ. ಇಂದು ಅವನಿಗೆ ಬಂದದ್ದು ನಾಳೆ ನಿಮಗೂ ಬರಬಹುದು. ನಗುವಿನಿಂದ ಹುಳು ಸಾಯುವುದಿಲ್ಲ, ಗೆಳೆಯನ ಮನಸ್ಸು ಮಾತ್ರ ನೋಯುತ್ತದೆ.

ಶಿಕ್ಷಕರ ಪರವಾಗಿ ನಾವೂ ಒಂದು ಮಾತು ಕೊಡುತ್ತೇವೆ. ಚಡಪಡಿಸುವ, ತೂಕಡಿಸುವ ಮಗುವನ್ನು ನಿಲ್ಲಿಸಿ ಶಿಕ್ಷಿಸುವ ಮೊದಲು, ಬದಿಗೆ ಕರೆದು “ರಾತ್ರಿ ನಿದ್ದೆ ಬಂತೇನಪ್ಪಾ?” ಎಂದು ಕೇಳುತ್ತೇವೆ. ಪ್ರತಿ ಸೋಮವಾರ ಪ್ರಾರ್ಥನೆಯ ನಂತರ ಉಗುರು ನೋಡುತ್ತೇವೆ. ಮೊದಲು ನಮ್ಮ ಉಗುರನ್ನು ಮಕ್ಕಳಿಗೆ ತೋರಿಸಿ, ಆಮೇಲೆ ಅವರದನ್ನು ನೋಡುತ್ತೇವೆ.

ನಮ್ಮ ಊರು ದಾನಮ್ಮದೇವಿಯ ಊರು. ಹನ್ನೆರಡನೆಯ ಶತಮಾನದ ಆ ಶರಣೆ ಲಿಂಗಮ್ಮನಾಗಿ ಹುಟ್ಟಿ, ಕೊಡುಗೈಯ ಗುಣದಿಂದ ದಾನಮ್ಮನೆನಿಸಿದಳು. ಆ ತಾಯಿಯ ಸನ್ನಿಧಿಗೆ ನಡೆದು ಬರುವ ಭಕ್ತರಿಗೆ ಅನ್ನ ಬಡಿಸುವ ಕೈಗಳು ನಿಮ್ಮ ಕೈಗಳು. ಕೊಡುವ ಕೈ ಶುದ್ಧವಾಗಿದ್ದರೆ ದಾಸೋಹ ಸಾರ್ಥಕ. ಉಣ್ಣುವ ಮಗುವಿನ ಕೈ ಶುದ್ಧವಾಗಿದ್ದರೆ ಉಂಡ ಅನ್ನ ಮೈಗೆ ಹತ್ತುತ್ತದೆ. ಅಂದು ನಾವು ನಿಲ್ಲಿಸಿದ ಆ ಹುಡುಗನು ಔಷಧವಾದ ಮೇಲೆ ಮತ್ತೆ ಶಾಲೆಗೆ ಬಂದನು, ಲೆಕ್ಕವನ್ನೂ ಕಲಿತನು. ಆದರೆ ತರಗತಿಯಲ್ಲಿ ಯಾರಾದರೂ ನಕ್ಕರೆ ಅವನು ಬೆಚ್ಚಿ ತಿರುಗಿ ನೋಡುತ್ತಿದ್ದುದನ್ನು ನಾವು ಮರೆತಿಲ್ಲ. ಅಂತಹ ನೋಟ ನಮ್ಮ ಶಾಲೆಯ ಯಾವ ಮಗುವಿನ ಕಣ್ಣಿನಲ್ಲಿಯೂ ಬಾರದಿರಲೆಂದು ಹಾರೈಸುತ್ತೇವೆ.