ಊರಿಗೊಂದ ಮಷೀನು, ಮಂದಿಗೊಂದೊಂದು ಕಾರ್ಡು

ಇವತ್ತ ಸಿಂಪ್ಯೂಟರ್ ಬಗ್ಗೆ ಮಾತಾಡೂಣು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು, ಎನ್‌ಕೋರ್ ಕಂಪನಿಯವರು ಸೇರಿ 2001ರಲ್ಲಿ ಜನರ ಮುಂದಿಟ್ಟ ಅಂಗೈಯಗಲದ ಕಂಪ್ಯೂಟರ್ ಇದು. 206 ಮೆಗಾಹರ್ಟ್ಸ್ ಚಿಪ್, ಲಿನಕ್ಸ್, ಕಡ್ಡಿಯಿಂದ ಮುಟ್ಟೂ ಕಪ್ಪು-ಬಿಳುಪು ಸ್ಕ್ರೀನ್. ಓದಾಕ ಬರದವರಿಗೆ ಕನ್ನಡದಾಗ ಓದಿ ಹೇಳೂ ಸಾಫ್ಟ್‌ವೇರೂ ಇತ್ತು.

ನನಗ ಹಿಡಿಸಿದ್ದು ಅದರ ಸ್ಮಾರ್ಟ್‌ಕಾರ್ಡ್ ಸ್ಲಾಟ್. ಮಷೀನು ಊರಿಗೊಂದ ಇದ್ರೂ ನಡೀತದ, ಕಾರ್ಡ್ ಮಾತ್ರ ಒಬ್ಬೊಬ್ಬರದು. ಹಾಕಿದ್ರ ನಿಮ್ಮ ಮಾಹಿತಿ, ತೆಗೆದ್ರ ನಿಮ್ಮ ಕಿಸೆದಾಗ.

2004ರಲ್ಲಿ ಮಾರಾಟಕ್ಕ ಬಂತು, ಓಡಲಿಲ್ಲ. ಮುಂದ ಮೊಬೈಲ್ ಗೆದ್ದವು. ಆದ್ರ ಬೈಲಹೊಂಗಲ, ಸವದತ್ತಿ ಕಡೆ ಇವತ್ತಿಗೂ ಎಷ್ಟೋ ಮನಿಯಾಗ ಒಂದ ಫೋನು. ತಂಗಿ ಕ್ಲಾಸು, ಅವ್ವನ ಒಟಿಪಿ, ಎಲ್ಲಾ ಅಣ್ಣನ ಲಾಕ್ ಹಿಂದ. ಫೋನ್ ಹಂಚಿಕೊಳ್ಳೂದು ತಪ್ಪಲ್ಲರಿ, ಹಂಚಿಕೊಂಡ್ರೂ ಅವ್ವಂದು ಅವ್ವಂದ ಆಗಿ ಉಳೀಬೇಕು. ನಿಮ್ಮ ಮನಿಯಾಗ ಲಾಕ್ ಯಾರ ಕೈಯಾಗ ಐತಿ? ವಾಯ್ಸ್‌ನೋಟ್ ಕಳಸ್ರಿ.