27 ಫ್ರೇಮೋ, 37 ಫ್ರೇಮೋ?

ನೋಡಿ ವೀಕ್ಷಕರೇ, ಮೊನ್ನೆ ರಾತ್ರಿ 9 ಗಂಟೆ ಬುಲೆಟಿನ್‌ಗೆ ಇನ್ನು ಹತ್ತೇ ನಿಮಿಷ ಇತ್ತು. ಹೆದ್ದಾರಿ ಅಪಘಾತವೊಂದರ ಮೊಬೈಲ್ ವಿಡಿಯೋ ನಮ್ಮ ಕೈಗೆ ಬಂದಿತ್ತು. ರಸ್ತೆ ದಾಟುತ್ತಿದ್ದವರೊಬ್ಬರು ತೀರಿಕೊಂಡಿದ್ದರು. ಕಾರು ಓಡಿಸುತ್ತಿದ್ದ ಹುಡುಗ ಆಸ್ಪತ್ರೆಯಲ್ಲಿದ್ದ. ‘ಗಂಟೆಗೆ 120 ಕಿಲೋಮೀಟರ್! ಯುವಕನ ಹುಚ್ಚಾಟಕ್ಕೆ ಬಲಿ’ ಅಂತ ಬ್ರೇಕಿಂಗ್ ಪ್ಲೇಟ್ ಕೂಡ ರೆಡಿ.

ಈ 120 ಎಲ್ಲಿಂದ ಬಂತು ಅಂತ ಕೇಳಿದೆ. ಡೆಸ್ಕ್‌ನವರ ಲೆಕ್ಕ ಸರಳ. ಎರಡು ಲೈಟ್ ಕಂಬಗಳ ನಡುವೆ 30 ಮೀಟರ್. ಅಷ್ಟು ದೂರ ದಾಟೋದರೊಳಗೆ ವಿಡಿಯೋದಲ್ಲಿ 27 ಫ್ರೇಮ್, ಅಂದರೆ 27 ಬಿಡಿ ಚಿತ್ರಗಳು. ಸೆಕೆಂಡಿಗೆ 30 ಫ್ರೇಮ್ ಅಂತ ಫೈಲೇ ಹೇಳುತ್ತಿದೆ. ಹಾಗಾದರೆ 0.9 ಸೆಕೆಂಡ್, ಗಂಟೆಗೆ 120. ಗಣಿತದಲ್ಲಿ ತಪ್ಪೇನೂ ಇಲ್ಲ.

ಅಷ್ಟರಲ್ಲಿ ವಿಡಿಯೋ ಎಡಿಟರ್ ಬಂದರು. “ಸಾರ್, ನನ್ನ ಮಷೀನ್‌ನಲ್ಲಿ ಎಣಿಸಿದ್ರೆ 37 ಬರ್ತಿದೆ.”

ಅಲ್ಲರೀ, ಒಂದೇ ವಿಡಿಯೋ, ಅದೇ ಎರಡು ಕಂಬ. ಹತ್ತು ಫ್ರೇಮ್ ಹೆಚ್ಚು ಎಲ್ಲಿಂದ ಬಂದವು?

ಅವರು ಕೂರಿಸಿ ತೋರಿಸಿದರು. ನಮ್ಮ ದೇಶದ ಟಿವಿ ನಡೆಯೋದು ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ. (ಅಮೆರಿಕದವರದ್ದು 29.97. ಆ ಭಿನ್ನರಾಶಿಯ ಕಥೆ ಇನ್ನೊಂದು ದಿನಕ್ಕಿರಲಿ.) ಹೊರಗಿನ ವಿಡಿಯೋ ಹಾಕಿದ ತಕ್ಷಣ ಎಡಿಟಿಂಗ್ ಮಷೀನ್ ಅದನ್ನು 25ಕ್ಕೆ ಹೊಂದಿಸುತ್ತದೆ. ಹೆಚ್ಚಿದ್ದರೆ ಕೆಲವನ್ನು ಬಿಡುತ್ತೆ, ಕಡಿಮೆ ಇದ್ದರೆ ಅದೇ ಚಿತ್ರವನ್ನು ಎರಡು ಸಲ ಇಡುತ್ತೆ. ಒಂದೊಂದೇ ಫ್ರೇಮ್ ಸರಿಸಿದಾಗ ಕಾರು ನಡುನಡುವೆ ನಿಂತಲ್ಲೇ ನಿಂತ ಹಾಗೆ ಕಾಣುತ್ತಿತ್ತು. ಚಿತ್ರಗಳು ಕಡಿಮೆ ಬಿದ್ದಿವೆ ಅನ್ನೋದಕ್ಕೆ ಅದೇ ಸುಳಿವು.

ಹಾಗಾದರೆ ಆ 30? ಅದು ಬರೀ ಹಣೆಪಟ್ಟಿ. ವಿಡಿಯೋ ತೆಗೆದದ್ದು ಮುಸ್ಸಂಜೆ ಹೊತ್ತಲ್ಲಿ. ಬೆಳಕು ಸಾಲದಿದ್ದರೆ ಎಷ್ಟೋ ಮೊಬೈಲ್‌ಗಳು ಒಂದೊಂದು ಚಿತ್ರಕ್ಕೂ ಹೆಚ್ಚು ಸಮಯ ತಗೊಳ್ಳುತ್ತವೆ, ಫ್ರೇಮ್ ಸಂಖ್ಯೆ ತಾನಾಗೇ ಇಳಿಯುತ್ತದೆ. ಆದರೆ ಪ್ರತಿ ಫ್ರೇಮ್ ಯಾವ ಕ್ಷಣದ್ದು ಅನ್ನೋ ಗುರುತು ಫೈಲಿನೊಳಗೇ ಇರುತ್ತೆ. ಎಡಿಟರ್ ಅದನ್ನು ತೆರೆದರು. ಸೆಕೆಂಡಿಗೆ 30 ಆಗಿದ್ದರೆ ಎರಡು ಫ್ರೇಮ್‌ಗಳ ನಡುವೆ 33 ಮಿಲಿಸೆಕೆಂಡ್ ಇರಬೇಕು. ಇಲ್ಲಿ ಒಮ್ಮೆ 50, ಒಮ್ಮೆ 60. ಕಂಬದಿಂದ ಕಂಬಕ್ಕೆ ಒಟ್ಟು ಒಂದೂವರೆ ಸೆಕೆಂಡ್. 37ನ್ನು 25ರಿಂದ ಭಾಗಿಸಿ ನೋಡಿ, ಹತ್ತಿರ ಹತ್ತಿರ ಅಷ್ಟೇ ಬರುತ್ತೆ.

ಒಂದೂವರೆ ಸೆಕೆಂಡಿಗೆ 30 ಮೀಟರ್ ಅಂದರೆ ಗಂಟೆಗೆ 72 ಕಿಲೋಮೀಟರ್. ನಾವು ಆ ಹುಡುಗನ ತಲೆಗೆ ಕಟ್ಟೋಕೆ ಹೊರಟಿದ್ದು 120.

ಪ್ಲೇಟ್ ತೆಗೆಸಿದೆ. ‘72 ಅಂತಾದ್ರೂ ಹಾಕೋಣ ಸಾರ್, ನಮ್ಮದೇ ಎಕ್ಸ್‌ಕ್ಲೂಸಿವ್’ ಅಂದರು ಡೆಸ್ಕ್‌ನವರು. ಕಂಬಗಳ ಅಂತರ ಅಳೆದದ್ದು ಹೇಗೆ ಅಂತ ವರದಿಗಾರನಿಗೆ ಫೋನ್ ಹಚ್ಚಿದೆ.

“ಹೆಜ್ಜೆ ಹಾಕಿ ಸಾರ್” ಅಂದ.

ಆ ರಾತ್ರಿ ನಾನು ಅಪಘಾತದ ಸುದ್ದಿ ಓದಿದೆ, ವೇಗದ ಮಾತೆತ್ತಲಿಲ್ಲ.