ಸೇನೆಯೂ ಸಂಸತ್ತೂ



ನಮ್ಮ ಸಂವಿಧಾನದ 33ನೆಯ ಅನುಚ್ಛೇದವನ್ನು ಬಲ್ಲವರು ವಿರಳ. ವಾಕ್‌ಸ್ವಾತಂತ್ರ್ಯ, ಸಂಘ ಕಟ್ಟುವ ಸ್ವಾತಂತ್ರ್ಯ ಮೊದಲಾಗಿ ನಾಗರಿಕನಿಗೆ ದತ್ತವಾಗಿರುವ ಮೂಲಭೂತ ಹಕ್ಕುಗಳನ್ನು, ಸಶಸ್ತ್ರಪಡೆಗಳವರ ವಿಷಯದಲ್ಲಿ, ಅವರ ಕರ್ತವ್ಯಪಾಲನೆಗೂ ಶಿಸ್ತಿಗೂ ಅವಶ್ಯವಾದಷ್ಟರ ಮಟ್ಟಿಗೆ ಸಂಕೋಚಗೊಳಿಸುವ ಅಧಿಕಾರವನ್ನು ಆ ಅನುಚ್ಛೇದವು ಸಂಸತ್ತಿಗೆ ಕೊಟ್ಟಿದೆ. 1950ರ ಭೂಸೇನಾ ಅಧಿನಿಯಮದ ಪ್ರಕಾರ ಸೈನಿಕನು ಅನುಮತಿಯಿಲ್ಲದೆ ಕಾರ್ಮಿಕ ಸಂಘವನ್ನು ಸೇರಲಾರ, ರಾಜಕೀಯ ಸಭೆಯಲ್ಲಿ ಮಾತನಾಡಲಾರ, ಪತ್ರಿಕೆಗೆ ಒಂದು ಕಾಗದವನ್ನು ಬರೆಯಲಾರ. ಆಯುಧಧಾರಿಯು ರಾಜಕಾರಣದಿಂದ ದೂರವಿರತಕ್ಕದ್ದೆಂಬುದು ಸರ್ವಸಮ್ಮತವಾದ ನ್ಯಾಯ. ನೆರೆಹೊರೆಯ ಕೆಲವು ದೇಶಗಳಲ್ಲಿ ಈ ನಿಯಮ ಸಡಿಲವಾದಾಗ ಏನಾಯಿತೆಂಬುದನ್ನು ನಾವೆಲ್ಲ ಕಂಡಿದ್ದೇವೆ.

ಆದರೆ ಇಲ್ಲಿಂದ ಒಂದು ಹೊಣೆಯೂ ಹುಟ್ಟಿಕೊಳ್ಳುತ್ತದೆ. ಒಬ್ಬನ ಬಾಯನ್ನು ನ್ಯಾಯವಾಗಿಯೇ ಕಟ್ಟಿದವರು ಅವನ ಪರವಾಗಿ ತಾವು ಬಾಯಿ ತೆರೆಯಬೇಕಾಗುತ್ತದೆ. ಕಾಲಿನ ಬೂಟು ಸವೆದಿದೆಯೆಂದಾಗಲಿ, ಕೈಯಲ್ಲಿರುವ ಆಯುಧ ಹಳತಾಗಿದೆಯೆಂದಾಗಲಿ ಬೀದಿಯಲ್ಲಿ ನಿಂತು ಹೇಳಲಾರದ ಯೋಧನ ಸ್ಥಿತಿಗತಿಯನ್ನು ವಿಚಾರಿಸಿ, ಅಧಿಕಾರಯುತವಾಗಿ ಮಂತ್ರಿಯಿಂದ ಉತ್ತರ ಪಡೆಯಬಲ್ಲ ಸ್ಥಾನವೆಂದರೆ, ಅವನಿಂದ ಮಾತನ್ನು ಕಸಿದುಕೊಂಡ ಆ ಸಂಸತ್ತೇ. ರಕ್ಷಣಾನೀತಿಯ ಮೇಲೆ ಸಂಸತ್ತು ನಡೆಸಬೇಕಾದ ಪರಾಮರ್ಶೆಯನ್ನು ಈ ದೃಷ್ಟಿಯಿಂದ ತಮ್ಮ ಮುಂದಿಡಬೇಕೆಂಬುದು ನನ್ನ ಅಪೇಕ್ಷೆ.

ರಕ್ಷಣಾಪಡೆಗಳ ಪರಮಾಧಿಪತ್ಯ ರಾಷ್ಟ್ರಪತಿಗಳಲ್ಲಿ ನಿಹಿತವಾಗಿದೆ. ಅದರ ಪ್ರಯೋಗವಾದರೋ ಕಾನೂನಿಗೆ ಅಧೀನವಾದದ್ದು. ಸೇನಾಧಿಪತಿಗಳು ರಕ್ಷಣಾಮಂತ್ರಿಗೆ, ಮಂತ್ರಿಮಂಡಲವು ಸಾಮೂಹಿಕವಾಗಿ ಲೋಕಸಭೆಗೆ ಉತ್ತರವಾದಿಗಳು. ಈ ಏರ್ಪಾಡಿನ ಬೇರು ಇಂಗ್ಲೆಂಡಿನಲ್ಲಿದೆ. ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ಶಾಂತಿಕಾಲದಲ್ಲಿ ರಾಜನು ಸ್ಥಾಯಿ ಸೈನ್ಯವನ್ನು ಇಟ್ಟುಕೊಳ್ಳುವುದು ಶಾಸನವಿರುದ್ಧವೆಂದು 1689ರ ಹಕ್ಕುಗಳ ಶಾಸನದಲ್ಲಿ ಘೋಷಿಸಿದ ಆ ಜನ, ಸೈನ್ಯವನ್ನು ಹಿಡಿತದಲ್ಲಿಡುವ ಉಪಾಯವನ್ನು ಹಣದ ಥೈಲಿಯಲ್ಲಿಯೇ ಕಂಡುಕೊಂಡರು. ನಮ್ಮಲ್ಲಿಯೂ ಹಾಗೆಯೇ: ಲೋಕಸಭೆಯು ವರ್ಷವರ್ಷವೂ ಅನುದಾನವನ್ನು ಮಂಜೂರು ಮಾಡದಿದ್ದರೆ ಯಾವ ಪಡೆಗೂ ಸಂಬಳವಿಲ್ಲ, ಮದ್ದುಗುಂಡಿಲ್ಲ. ಬೇಡಿಕೆಯ ಮೊತ್ತವನ್ನು ಒಂದು ರೂಪಾಯಿಗೆ ಇಳಿಸತಕ್ಕದ್ದೆಂದು ಸದಸ್ಯನೊಬ್ಬನು ಸೂಚನೆ ಮಂಡಿಸಬಹುದು. ಅದರ ಅರ್ಥ, ಈ ನೀತಿಯೇ ನನಗೆ ಒಪ್ಪಿಗೆಯಿಲ್ಲವೆಂದು. ನೂರು ರೂಪಾಯಿ ಕಡಿತಮಾಡಬೇಕೆಂದು ಮಂಡಿಸಿದರೆ, ನಿರ್ದಿಷ್ಟವಾದ ಒಂದು ಕುಂದುಕೊರತೆಯನ್ನು ಸದನದ ಗಮನಕ್ಕೆ ತರುವುದು ಅವನ ಉದ್ದೇಶ.

ಹಣ ವೆಚ್ಚವಾದ ಬಳಿಕ ಅದರ ಲೆಕ್ಕವನ್ನು ನೋಡುವವರು ಮಹಾಲೆಕ್ಕಪರಿಶೋಧಕರು. ಅವರ ವರದಿಯನ್ನು ವಿಮರ್ಶಿಸುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಗಣರಾಜ್ಯದ ಮೊದಲ ದಿನಗಳಲ್ಲಿಯೇ ಈ ಸಮಿತಿಗೆ ರಕ್ಷಣಾಖಾತೆಯ ಒಂದು ಕಹಿ ಪ್ರಕರಣ ಎದುರಾಯಿತು. ಲಂಡನ್ನಿನಲ್ಲಿದ್ದ ನಮ್ಮ ಹೈಕಮಿಷನರ ಕಚೇರಿಯ ಮೂಲಕ 1948ರಲ್ಲಿ ಸೈನ್ಯಕ್ಕಾಗಿ ಎರಡು ಸಾವಿರ ಜೀಪುಗಳಿಗೆ ಕರಾರಾಗಿದ್ದು, ಬಂದಿಳಿದ 155 ಜೀಪುಗಳು ಬಳಕೆಗೆ ಯೋಗ್ಯವಾಗಿರಲಿಲ್ಲ. ಸಮಿತಿಯು ಕಟುವಾಗಿ ಬರೆಯಿತು. ಸರ್ಕಾರವು 1955ರಲ್ಲಿ ಪ್ರಕರಣ ಮುಗಿಯಿತೆಂದು ಸಾರಿತು. ವರದಿ ಬರೆಯುವುದು ಸಂಸತ್ತಿನ ಕೈಯಲ್ಲಿದೆ, ಅದರಂತೆ ನಡೆಯುವುದು ಸರ್ಕಾರದ ಕೈಯಲ್ಲಿದೆ ಎಂಬ ಈ ಅಂತರ ಇಂದಿಗೂ ತುಂಬಿಲ್ಲ.

ಆದರೂ ಈ ವಿಷಯದ ಹೃದಯವನ್ನು ಕಾಣಬೇಕಾದರೆ 1959ರಿಂದ 1963ರ ವರೆಗಿನ ನಾಲ್ಕು ವರ್ಷಗಳನ್ನು ನೋಡಬೇಕು. ಲಡಾಖಿನ ಅಕ್ಸಾಯ್ ಚಿನ್ ಪ್ರದೇಶದಲ್ಲಿ ಚೀನವು ರಸ್ತೆಯೊಂದನ್ನು ನಿರ್ಮಿಸಿರುವುದನ್ನು ಅರಿತು, ನಮ್ಮ ಸರ್ಕಾರವು 1958ರ ಅಕ್ಟೋಬರಿನಲ್ಲಿ ಆ ದೇಶಕ್ಕೆ ಪ್ರತಿಭಟನೆಯ ಪತ್ರವನ್ನು ಕಳುಹಿಸಿತ್ತು. ಸಂಸತ್ತಿಗೆ ಇದು ತಿಳಿದದ್ದು ಮರುವರ್ಷದ ಆಗಸ್ಟಿನ ಕೊನೆಯಲ್ಲಿ, ಈಶಾನ್ಯ ಗಡಿಯ ಲಾಂಗ್‌ಜು ಠಾಣ್ಯದಲ್ಲಿ ಗುಂಡು ಹಾರಿದ ಮೇಲೆ. ದೇಶದ ನೆಲದ ಮೇಲೆ ಪರರು ದಾರಿ ಮಾಡಿಕೊಂಡಿರುವ ಸಂಗತಿ ಎದುರಾಳಿಗೂ ಗೊತ್ತು, ಮಂತ್ರಿಗಳಿಗೂ ಗೊತ್ತು. ಆ ನೆಲಕ್ಕಾಗಿ ಹಣ ಮಂಜೂರು ಮಾಡುವ ಸದನಕ್ಕೆ ಮಾತ್ರ ಹತ್ತು ತಿಂಗಳು ಗೊತ್ತಿಲ್ಲ! ಸೆಪ್ಟೆಂಬರಿನಲ್ಲಿ ಎರಡು ದೇಶಗಳ ನಡುವಣ ಪತ್ರವ್ಯವಹಾರವನ್ನು ಶ್ವೇತಪತ್ರವಾಗಿ ಪ್ರಕಟಿಸಿ ನೆಹರೂ ಅವರು ಈ ಕೊರತೆಯನ್ನು ಬಹುಮಟ್ಟಿಗೆ ನಿವಾರಿಸಿದರೆಂಬುದನ್ನೂ ಹೇಳತಕ್ಕದ್ದೇ.

ಸಂಸತ್ತಿಗೆ ಈ ಸಂಗತಿ ತಿಳಿದ ದಿನಗಳಲ್ಲಿಯೇ, ಆಗಸ್ಟ್ 31ರಂದು, ಭೂಸೇನೆಯ ಮುಖ್ಯಸ್ಥರಾಗಿದ್ದ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ರಾಜೀನಾಮೆ ಕೊಟ್ಟರು. ರಕ್ಷಣಾಮಂತ್ರಿ ಕೃಷ್ಣ ಮೆನನ್ನರಿಗೂ ಅವರಿಗೂ ಹೊಂದಿಕೆಯಿರಲಿಲ್ಲ. ಪ್ರಧಾನಿಗಳು ಕರೆಸಿ ಮಾತನಾಡಿದ ಮೇಲೆ ತಿಮ್ಮಯ್ಯನವರು ಅದನ್ನು ಹಿಂತೆಗೆದುಕೊಂಡರಾದರೂ, ಸುದ್ದಿ ಅಷ್ಟರಲ್ಲಿ ಪತ್ರಿಕೆಗಳಲ್ಲಿ ಬಂದುಬಿಟ್ಟಿತ್ತು. ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ನೆಹರೂ ಅವರು ನಾಗರಿಕ ಅಧಿಕಾರವೇ ಸರ್ವೋಪರಿಯೆಂಬ ತತ್ತ್ವವನ್ನು ಎತ್ತಿಹಿಡಿದರು. ಭಿನ್ನಾಭಿಪ್ರಾಯಗಳು ಸ್ವಭಾವಭೇದದಿಂದ ಬಂದವೆಂದು ಹಗುರಮಾಡಿ ಹೇಳಿದರು. ತತ್ತ್ವ ನಿರ್ವಿವಾದವಾದದ್ದು. ಆದರೆ ಸರ್ಕಾರವು ಸೇನೆಯ ಮೇಲೆ ಹೊಂದಿರುವ ಮೇಲಧಿಕಾರದ ಮಾತೇ ಚರ್ಚೆಯೆಲ್ಲವನ್ನೂ ಆವರಿಸಿದ್ದರಿಂದ, ಆ ಸರ್ಕಾರದ ಮೇಲೆ ಸಂಸತ್ತಿಗಿರುವ ಅಧಿಕಾರವು ಹಿಂದೆ ಸರಿಯಿತು. ಗಡಿಯ ಸಿದ್ಧತೆ ಹೇಗಿದೆ, ಸೇನಾಧಿಪತಿಯ ಆತಂಕವೇನು, ಬಡ್ತಿಗಳು ಯಾವ ಕ್ರಮದಲ್ಲಿ ನಡೆಯುತ್ತಿವೆ ಎಂದು ಬಾಗಿಲು ಹಾಕಿಕೊಂಡು ಶಾಂತವಾಗಿ ವಿಚಾರಿಸುವುದಕ್ಕೆ, ರಕ್ಷಣಾ ಖಾತೆಗೆಂದೇ ನಿಯುಕ್ತವಾದ ಸಮಿತಿಯೊಂದು ಆ ಕಾಲದ ಸಂಸತ್ತಿನಲ್ಲಿ ಇರಲಿಲ್ಲ.

1961ರ ಏಪ್ರಿಲಿನಲ್ಲಿ ಆಚಾರ್ಯ ಕೃಪಲಾನಿಯವರು ಲೋಕಸಭೆಯಲ್ಲಿ ಮೆನನ್ನರನ್ನು ಎದುರಿಸಿ, ಸೈನ್ಯದಲ್ಲಿ ಬಣಗಳೇಳುತ್ತಿವೆ, ಸ್ಥೈರ್ಯ ಕುಂದುತ್ತಿದೆಯೆಂದು ಆರೋಪಿಸಿದರು. ಅದನ್ನು ಸರ್ಕಾರದ ಪಕ್ಷವು ವೈಯಕ್ತಿಕ ದ್ವೇಷವೆಂದು ತಳ್ಳಿಹಾಕಿತು. ಮರುವರ್ಷದ ಚುನಾವಣೆಯಲ್ಲಿ ಉತ್ತರ ಮುಂಬಯಿಯ ಮತದಾರರು ಕೃಪಲಾನಿಯವರನ್ನು ಸೋಲಿಸಿ ಮೆನನ್ನರನ್ನೇ ಆರಿಸಿದರು. ಆ ವರ್ಷದ ಅಕ್ಟೋಬರ್ 20ರಂದು ಚೀನದೊಡನೆ ಯುದ್ಧ ಬಂದಿತು. ನವೆಂಬರ್ 7ರಂದು ಮೆನನ್ನರ ರಾಜೀನಾಮೆಯಾಯಿತು. ಮರುದಿನ, ನಿಗದಿಗಿಂತ ಮುಂಚಿತವಾಗಿ ಸಂಸತ್ತು ಸೇರಿತು. ಗುಪ್ತ ಅಧಿವೇಶನ ನಡೆಸಬೇಕೆಂಬ ಸಲಹೆ ಬಂದಾಗ ನೆಹರೂ ಅವರು ಒಪ್ಪಲಿಲ್ಲ. ದೇಶವೇ ಆತಂಕಗೊಂಡಿರುವ ವಿಷಯವನ್ನು ಮುಚ್ಚಿದ ಬಾಗಿಲ ಹಿಂದೆ ಚರ್ಚಿಸಲಾಗದೆಂಬುದು ಅವರ ನಿಲುವು. ಶತ್ರುವಿನ ಸೈನ್ಯ ಒಳನುಗ್ಗಿರುವಾಗಲೇ 150ಕ್ಕೂ ಮಿಕ್ಕಿದ ಸದಸ್ಯರು ಒಂದು ವಾರ ಕಾಲ ಬಹಿರಂಗವಾಗಿ ಮಾತನಾಡಿದರು. ಲೋಕಸಭೆಯ ಇತಿಹಾಸದಲ್ಲಿ ಮೊದಲನೆಯ ಅವಿಶ್ವಾಸ ನಿರ್ಣಯವನ್ನು 1963ರ ಆಗಸ್ಟಿನಲ್ಲಿ ಮಂಡಿಸಿದವರೂ ಕೃಪಲಾನಿಯವರೇ. ಅದಕ್ಕೆ ಬಂದ ಮತಗಳು 62, ವಿರೋಧವಾಗಿ 347. ಅಷ್ಟು ದೊಡ್ಡ ಬಹುಮತವಿದ್ದ ಪ್ರಧಾನಿಯೂ ನಾಲ್ಕು ದಿನ ಕುಳಿತು ಆ ಟೀಕೆಯನ್ನು ಎದುರಿಸಬೇಕಾದುದನ್ನು ನಾನು ನಮ್ಮ ಪ್ರಜಾಪ್ರಭುತ್ವದ ಅತ್ಯಂತ ಗೌರವದ ಘಳಿಗೆಗಳಲ್ಲೊಂದೆಂದು ಎಣಿಸುತ್ತೇನೆ.

ಆ ಗೌರವಕ್ಕೆ ಒಂದು ಕಲೆ ಉಳಿದಿದೆ. ಯುದ್ಧದ ಸೋಲಿನ ಕಾರಣಗಳನ್ನು ಪರಿಶೀಲಿಸಲು ನೇಮಕವಾದ ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ ಅವರ ವರದಿಯ ಬಗೆಗೆ, ಹೊಸ ರಕ್ಷಣಾಮಂತ್ರಿ ಯಶವಂತರಾವ್ ಚವಾಣರು 1963ರ ಸೆಪ್ಟೆಂಬರ್ 2ರಂದು ಸದನದಲ್ಲಿ ಒಂದು ಹೇಳಿಕೆ ಕೊಟ್ಟರು. ತರಬೇತಿ, ಸಲಕರಣೆ, ಆಜ್ಞಾವ್ಯವಸ್ಥೆ, ದೇಹದಾರ್ಢ್ಯ, ಸೇನಾನಾಯಕರ ಸಾಮರ್ಥ್ಯ ಎಲ್ಲವನ್ನೂ ಅದು ಪರಿಶೀಲಿಸಿದೆಯೆಂದರು; ವರದಿಯನ್ನು ಮಾತ್ರ ಮುಂದಿಡಲಿಲ್ಲ. ಅದರಲ್ಲಿರುವ ಸಂಗತಿಗಳು ಈಗಲೂ ಯುದ್ಧತಂತ್ರದ ದೃಷ್ಟಿಯಿಂದ ಸೂಕ್ಷ್ಮವಾದವೆಂದು ಅರ್ಧ ಶತಮಾನಕ್ಕೆ ಸಮೀಪಿಸಿದ 2010ರಲ್ಲಿಯೂ ರಕ್ಷಣಾಮಂತ್ರಿ ಆಂಟನಿಯವರು ಸಂಸತ್ತಿಗೆ ತಿಳಿಸಿದರು. ರಾಷ್ಟ್ರದ ಸುರಕ್ಷಿತತೆಗೆ ಬಾಧಕವಾಗುವ ಕಾಗದಪತ್ರಗಳನ್ನು ಸಮಿತಿಗೂ ತೋರಿಸದಿರುವುದಕ್ಕೆ ನಿಯಮಗಳಲ್ಲಿಯೇ ಅವಕಾಶವಿದೆ; ಇರಲೇಬೇಕು. ನಾಳೆ ಯಾವ ಕಣಿವೆಯಲ್ಲಿ ಪಡೆ ಇಳಿಯುವುದೆಂದು ಯಾವ ಸದಸ್ಯನೂ ಕೇಳತಕ್ಕದ್ದಲ್ಲ. ಆದರೆ ಕಾದು ಸತ್ತವರ ಮಕ್ಕಳೂ ಮುದುಕರಾದ ಮೇಲೆ, ಅವರೇಕೆ ಚಳಿಗಾಲದ ಉಡುಪಿಲ್ಲದೆ ಹಿಮದಲ್ಲಿ ನಿಂತಿದ್ದರೆಂಬುದನ್ನು ಗುಟ್ಟಾಗಿಡುವುದರಿಂದ ಯಾವ ಶತ್ರುವಿಗೆ ಹಾನಿಯೆಂಬುದು ನನಗೆ ಅರ್ಥವಾಗದು. ಕಾರ್ಗಿಲ್ ಪರಾಮರ್ಶೆ ಸಮಿತಿಯ ವರದಿಯನ್ನು, ಕೆಲವು ಭಾಗಗಳನ್ನು ಬಿಟ್ಟು, 2000ದ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಮಂಡಿಸಲಾಯಿತು. ಅದೊಂದು ಮಾದರಿ ನಮ್ಮಲ್ಲಿಯೇ ಇದೆ.

1993ರಲ್ಲಿ ಖಾತೆಗಳಿಗೆ ಸಂಬಂಧಪಟ್ಟ ಸ್ಥಾಯಿ ಸಮಿತಿಗಳು ಏರ್ಪಟ್ಟು, ರಕ್ಷಣೆಗೂ ಒಂದು ಸಮಿತಿ ಲಭಿಸಿತು. ಈಗ ಅದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುತ್ತಾರೆ. ಮಂತ್ರಿಗಳಿಗೆ ಅಲ್ಲಿ ಸದಸ್ಯತ್ವವಿಲ್ಲ. ಕಲಾಪ ಬಹಿರಂಗವಲ್ಲವಾದ್ದರಿಂದ, ಪತ್ರಿಕೆಗೆ ಬರೆಯಲಾರದ ಸೇನಾಧಿಕಾರಿ ಅಲ್ಲಿ ಬಂದು ಉಳ್ಳದ್ದನ್ನು ಉಳ್ಳಂತೆ ಹೇಳಬಲ್ಲ. 2018ರಲ್ಲಿ ಹಾಗೆಯೇ ಆಯಿತು. ಆಗಿನ ಅಧ್ಯಕ್ಷರು ಆಡಳಿತಪಕ್ಷದವರೇ ಆದ, ತಾವೂ ಸೈನ್ಯದಲ್ಲಿದ್ದ ಮೇಜರ್ ಜನರಲ್ ಖಂಡೂರಿ. ಅವರ ಮುಂದೆ ಭೂಸೇನೆಯ ಉಪಮುಖ್ಯಸ್ಥರು ಸಾಕ್ಷ್ಯ ನುಡಿದರು: ಸೇನೆಯ ಸಲಕರಣೆಗಳಲ್ಲಿ ಶೇಕಡಾ 68ರಷ್ಟು ಹಳೆಯ ಕಾಲದವು, 24ರಷ್ಟು ಈಗಿನವು, ಅತ್ಯಾಧುನಿಕವಾದವು ಬರಿಯ 8. ನವೀಕರಣಕ್ಕೆ ಕೊಟ್ಟ 21,338 ಕೋಟಿ ರೂಪಾಯಿ, ಈಗಾಗಲೇ ಒಪ್ಪಿಕೊಂಡಿರುವ 29,033 ಕೋಟಿಯ ಬಾಕಿಗೇ ಸಾಲದು. ಈ ಮಾತುಗಳನ್ನು ಅಡಗಿಸದೆ ಅಚ್ಚುಮಾಡಿ, ಸಮಿತಿಯು ಮಾರ್ಚ್ 13ರಂದು ವರದಿಯನ್ನು ಸದನಕ್ಕೆ ಒಪ್ಪಿಸಿತು.

ಮರುದಿನ ಏನಾಯಿತು? ಗದ್ದಲದ ನಡುವೆ, ರಕ್ಷಣೆಯದೂ ಸೇರಿ ಎಲ್ಲ ಖಾತೆಗಳ ಬೇಡಿಕೆಗಳನ್ನು ಲೋಕಸಭೆಯು ಒಟ್ಟಿಗೆ, ಚರ್ಚೆಯಿಲ್ಲದೆ, ಧ್ವನಿಮತದಿಂದ ಅಂಗೀಕರಿಸಿತು. ಸಂಸದೀಯ ಪರಿಭಾಷೆಯಲ್ಲಿ ಇದಕ್ಕೆ ಗಿಲೊಟಿನ್ ಎನ್ನುತ್ತಾರೆ. ಗದ್ದಲ ಮಾಡಿದವರದೂ, ಗದ್ದಲದ ಮರೆಯಲ್ಲಿ ಕೆಲಸ ಪೂರೈಸಿಕೊಂಡವರದೂ ಇದರಲ್ಲಿ ಪಾಲಿದೆ. ಯಾವ ಪಕ್ಷವನ್ನೂ ನಾನಿಲ್ಲಿ ಹೊರತುಪಡಿಸಲಾರೆ. ಹಗಲಿರುಳು ಕುಳಿತು ತನ್ನ ಸಮಿತಿಯೇ ಸಿದ್ಧಪಡಿಸಿದ ಕಾಗದವನ್ನು ತೆರೆದು ನೋಡದ ಸದನವು ಆ ದಿನ ಸೈನಿಕನಿಗೆ ಕೊಟ್ಟ ಮಾತಿಗೆ ತಪ್ಪಿತೆಂದೇ ನನ್ನ ಭಾವನೆ.

ಇಂಥ ತಪ್ಪುಗಳ ಫಲ ಎಲ್ಲಿ ಕಾಣುವುದೆಂದರೆ ಯೋಧನ ಮೈಮೇಲೆ. ಸಿಯಾಚಿನ್ ಮುಂತಾದ ಎತ್ತರದ ನೆಲೆಗಳಲ್ಲಿರುವ ಪಡೆಗಳಿಗೆ ಒದಗಿದ ಉಡುಪು, ಆಹಾರಗಳನ್ನು ಕುರಿತು ಮಹಾಲೆಕ್ಕಪರಿಶೋಧಕರು ಬರೆದ ವರದಿಯನ್ನು 2020ರ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಮಂಡಿಸಲಾಯಿತು. ಹಿಮದ ಬೆಳಕಿನಿಂದ ಕಣ್ಣನ್ನು ಕಾಯುವ ಕನ್ನಡಕಗಳ ತೀವ್ರ ಅಭಾವ. 2015ರ ನವೆಂಬರಿನಿಂದ ಮುಂದಿನ ಸೆಪ್ಟೆಂಬರಿನವರೆಗೆ ಹೊಸ ಬೂಟುಗಳು ಬಾರದ್ದರಿಂದ ಒಬ್ಬರು ತೊಟ್ಟು ಬಿಟ್ಟವನ್ನೇ ಸರಿಪಡಿಸಿ ಇನ್ನೊಬ್ಬರಿಗೆ ಕೊಡಬೇಕಾದ ಸ್ಥಿತಿ. ಇದು ಹಿಂದಿನ ಮಾತು, ಈಗ ಕೊರತೆ ನೀಗಿದೆಯೆಂದು ಸೈನ್ಯವು ಉತ್ತರಿಸಿತು. ಒಳ್ಳೆಯದು. ಆದರೂ, ಆ ಹಿಮದಲ್ಲಿ ಹಳೆಯ ಬೂಟನ್ನು ತೊಟ್ಟವನು ಅದನ್ನು ತಾನಾಗಿ ಹೊರಗೆ ಹೇಳುವಂತಿರಲಿಲ್ಲ. ಲೆಕ್ಕ ನೋಡುವವರೊಬ್ಬರು ಬರೆದು ಸದನದ ಮೇಜಿನ ಮೇಲಿಟ್ಟದ್ದರಿಂದ ನಮಗೆ ತಿಳಿಯಿತು.

ಸೇವೆ ಮುಗಿದು ಸಮವಸ್ತ್ರ ಕಳಚಿದವನ ಬಾಯಿಗಾದರೋ ಕಟ್ಟಿಲ್ಲ. ಸಮಾನ ದರ್ಜೆಗೆ ಸಮಾನ ಪಿಂಚಣಿ ಬೇಕೆಂಬ ಮಾಜಿ ಸೈನಿಕರ ಅರ್ಜಿಯನ್ನು ರಾಜ್ಯಸಭೆಯ ಅರ್ಜಿಗಳ ಸಮಿತಿ ವಿಚಾರಿಸಿ, ಅದು ನ್ಯಾಯವೆಂದು 2011ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಸರ್ಕಾರದ ಆದೇಶ 2015ರ ನವೆಂಬರಿನಲ್ಲಿ ಹೊರಟಿತು. ಇಂಥ ಅರ್ಜಿಯನ್ನು ಯಾವ ನಾಗರಿಕನೂ ಸಲ್ಲಿಸಬಹುದು. ಮಡಿಕೇರಿಯ ನಿವೃತ್ತ ಸುಬೇದಾರರಾಗಲಿ, ಬೆಳಗಾವಿ ಸೀಮೆಯ ಹಳ್ಳಿಗೆ ಮರಳಿದ ಹವಲ್ದಾರರಾಗಲಿ ತಮ್ಮ ಸಂಗತಿಯನ್ನು ಬರೆದು, ಸಹಿಮಾಡಿ, ಸದಸ್ಯರೊಬ್ಬರ ಮೇಲುರುಜು ಪಡೆದು ಕಳುಹಿಸಬಹುದು. ಅರ್ಜಿಯು ಕನ್ನಡದಲ್ಲಿಯೇ ಇರಬಹುದು. ಅದರೊಡನೆ ಹಿಂದಿಯ ಇಲ್ಲವೆ ಇಂಗ್ಲಿಷಿನ ಅನುವಾದವೊಂದನ್ನು ಲಗತ್ತಿಸಬೇಕಷ್ಟೆ.